ಸಂಜೆಯ ಗಾಳಿ ಪೈಪು

ತರಬೇತಿ ಮುಗಿಯುವ ಹೊತ್ತಿಗೆ ಊಟದ ಕೋಣೆಯಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಹೈದರಾಬಾದಿನಿಂದ ಬಂದ ಸಾಹೇಬರು ಎರಡು ತಾಸು ಹಿಂದಿಯಲ್ಲಿ ಹೇಳಿದ್ದು ಇಷ್ಟು: ನಮ್ಮ ರಾಯಚೂರಿನ ಬಣ್ಣದ ಕಾರ್ಖಾನೆಗೆ ಈಗ ಬರುತ್ತಿರುವ ಬಿಳಿಯ ನ್ಯಾನೋ ಪುಡಿಯ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು; ಸೆರಗು ಅಡ್ಡ ಹಿಡಿದರೆ ನಿಲ್ಲುವುದಿಲ್ಲ, ಉಸಿರಿನ ಜೊತೆ ಎದೆಯ ಆಳಕ್ಕೆ ಇಳಿಯುತ್ತದೆ.

“ಕಾಣದಿದ್ದುದಕ್ಕ ಯಾಕ ಅಂಜಬೇಕವ್ವಾ? ನನ್ನ ಗಂಡನೂ ತಿಂಗಳಿಗೊಮ್ಮಿ ಕಾಣ್ತಾನ, ಅವಗೇ ಅಂಜಿಲ್ಲ,” ಎಂದಳು ದೇವದುರ್ಗದ ತಿಮ್ಮವ್ವ. ಎಲ್ಲರೂ ನಕ್ಕರು.

ನಾನು ಎದ್ದು ನಿಂತೆ. “ಸರ್, ಸಂಜಿಮುಂದ ಗಾಳಿ ಪೈಪಿಲೆ ಮೈಮ್ಯಾಲಿನ ಪುಡಿ ಹಾರಿಸ್ಕೊಂತೀವಲ್ರಿ, ಅದು ನಡಿತದೇನ್ರಿ?”

ಸೂಪರ್‌ವೈಸರ್ ಪಂಪಾಪತಿ ಅದನ್ನು ಹಿಂದಿಯಲ್ಲಿ ಹೇಳಲು ಹಿಂದೆಮುಂದೆ ನೋಡಿದ. ನನ್ನ ಪಕ್ಕ ಕುಳಿತಿದ್ದ ಹುಡುಗಿ ಫರ್ಹೀನಳೇ ಹೇಳಿಬಿಟ್ಟಳು.

ನಾವೆಲ್ಲ ಹತ್ತಿಯ ಬೀಜ ಬಿಡಿಸುವ ಜಿನ್ನಿನಿಂದ ಬಂದವರು. ಅಲ್ಲಿ ಮನೆಗೆ ಹೊರಡುವಾಗ ಸೀರೆಗೆ ಅಂಟಿದ ಹತ್ತಿಯ ಎಳೆಗಳನ್ನು ಗಾಳಿ ಪೈಪಿನಿಂದ ಊದಿಸಿಕೊಳ್ಳುವುದು ರೂಢಿ. ಆ ರೂಢಿಯನ್ನು ಇಲ್ಲಿಗೂ ತಂದೆವು. ಪೈಪು ಹಿಡಿಯುವವಳು ಫರ್ಹೀನ್. ಮಾನ್ವಿಯಲ್ಲಿ ನನ್ನ ಪಕ್ಕದ ಮನೆಯ ಕುಬ್ರಾ ಬೇಗಂ ಮಗಳು, ಈ ಕೆಲಸಕ್ಕೆ ಕರೆತಂದವಳು ನಾನೇ. ಮೂವತ್ತು ಜನರ ಮೈಯಿಂದ ಹಾರಿದ್ದೆಲ್ಲ ಅವಳ ಮುಖಕ್ಕೆ. ಹದಿನೈದು ದಿನದಿಂದ ಒಣ ಕೆಮ್ಮು ಬೇರೆ.

ಸಾಹೇಬರು ಕನ್ನಡಕ ತೆಗೆದರು. ಎಂದಿಗೂ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ, ಇಲ್ಲವೇ ಪುಡಿ ಎಳೆದುಕೊಳ್ಳುವ ಮಷಿನ್ ಬಳಸಿ ಎಂದರು.

“ಮಷಿನ್ ಅದ ಸರ್, ಫಿಲ್ಟರ್ ಬರೋದದ,” ಎಂದ ಪಂಪಾಪತಿ.

“ಯಾವಾಗಿಂದ ಬರೋದದಪ್ಪಾ ಅದು?” ಎಂದೆ.

“ಮೊದ್ಲ ಸಹಿ ಹಾಕ್ರಿ ಯವ್ವಾ. ಸಾಹೇಬ್ರ ಗಾಡಿಗೆ ಹೊತ್ತಾತು.”

ತರಬೇತಿ ಆಯಿತೆಂದು ಸಹಿ ಹಾಕಿಸಿಕೊಳ್ಳುವ ಆ ಹಾಳೆಯಲ್ಲೇ ಗಾಳಿ ಊದಬಾರದೆಂದು ಅಚ್ಚಾಗಿತ್ತು. ಗಟ್ಟಿಯಾಗಿ ಓದಿದೆ. ಎಲ್ಲರೂ ಹೂಂ ಎಂದು ಸಹಿ ಹಾಕಿದರು.

ಐದು ಗಂಟೆಗೆ ಬಕೆಟ್ ನೀರು, ಹಳೆಯ ಬಟ್ಟೆ ಬಾಗಿಲಲ್ಲಿ ಇಟ್ಟೆ. ಒಬ್ಬರೂ ತಿರುಗಿ ನೋಡಲಿಲ್ಲ. ಪೈಪಿನ ಮುಂದೆ ಸಾಲು ನಿಂತರು. ನಾನು ಗಾಳಿಯ ನಳ ಬಂದ್ ಮಾಡಿದೆ.

“ಏ ಗುರುಶಾಂತಮ್ಮ, ಬಸ್ಸೇನು ನಿಮ್ಮಪ್ಪಂದಾ, ನಿಂದ್ರಾಕ?” ತಿಮ್ಮವ್ವ ಸಿಡಿದಳು. “ಬೆಳ್ಳಗ ಹೋದ್ರ ಕಂಡಕ್ಟರ್ ಸೀಟಿನ ಮ್ಯಾಲ ಕುಂದ್ರಗೊಡಂಗಿಲ್ಲ.”

“ಈಗ ತಾನ ಹೂಂ ಅಂದ್ಯಲ್ಲ ತಂಗಿ!”

“ಹಾಳಿಗೆ ಅಂದೆ. ಬಸ್ಸಿಗೆ ಅಂದೆನಾ?”

ಪಂಪಾಪತಿ ಬಂದು ನಳ ತಿರುಗಿಸಿದ. “ಫರ್ಹೀನ್, ಹಿಡಿ.”

“ನಾ ಹಿಡಿಯಂಗಿಲ್ರಿ.”

“ಹಂಗಾರ ನಾಳಿಂದ ಮನ್ಯಾಗಿರು.”

ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ, ಹಿಡಿಯಬೇಡ ಎಂದು. ಅಷ್ಟರಲ್ಲಿ ತಿಮ್ಮವ್ವ ತಾನೇ ಪೈಪು ಕಸಿದುಕೊಂಡಳು. ಪುಡಿ ಎದ್ದು ಬಾಗಿಲ ಬೆಳಕೆಲ್ಲ ಬೆಳ್ಳಗಾಯಿತು. ನಾನು ಫರ್ಹೀನಳ ರಟ್ಟೆ ಹಿಡಿದು ಹೊರಗೆಳೆದೆ.

ಅಂಗಳದಲ್ಲಿ ಇಬ್ಬರೂ ಒದ್ದೆ ಬಟ್ಟೆಯಿಂದ ಒರೆಸಿಕೊಂಡೆವು. ಬಟ್ಟೆ ಮೂರು ಸಲ ಹಿಂಡಿದರೂ ನೀರು ಹಾಲಿನಂತೆಯೇ ಬರುತ್ತಿತ್ತು. ಅಷ್ಟರಲ್ಲಿ ನಮ್ಮ ಬಸ್ಸೂ ಹೋಯಿತು.

“ಅಜ್ಜಿ, ಕೆಲಸ ಹೋತಲ್ಲ. ಅಮ್ಮೀಗೆ ಏನಂತ ಹೇಳ್ಲಿ?”

“ನಾ ಹೇಳ್ತೀನಿ, ನಡಿ,” ಎಂದೆ. ಎರಡು ತಾಸು ಕುಳಿತು ಕೇಳಿ ಸಹಿ ಹಾಕಿದವರಿಗೇ ತಿಳಿಸಲಾಗದ್ದನ್ನು ಕುಬ್ರಾ ಬೇಗಂಗೆ ಹೇಗೆ ತಿಳಿಸಿ ಹೇಳಲಿ ಎಂಬುದು ಮಾನ್ವಿ ಮುಟ್ಟುವವರೆಗೂ ಹೊಳೆಯಲಿಲ್ಲ.