ತ್ರಾಟನ ಹೊಸ ಮುಖ

ಟೀವಿಯ ‘ಏಳನೇ ಚಂದ್ರ’ ಧಾರಾವಾಹಿಗೆ ಸೀಸನ್ ಎರಡು ಬಂತು, ಅದರ ಅನ್ಯಗ್ರಹದ ದೊರೆ ತ್ರಾಟನಿಗೆ ಕಣ್ಣು ಎರಡೂ ಹೋದವು. ಮೊದಲು ಅವನ ಮುಖದಲ್ಲಿ ಮುಕ್ಕಾಲು ಪಾಲು ಕಣ್ಣೇ ಇತ್ತು. ರೆಪ್ಪೆಯಿಲ್ಲದ, ಹಳದಿ ಸುತ್ತಿನ, ಊಟದ ತಟ್ಟೆಯಷ್ಟಗಲದ ಕರಿಗುಡ್ಡೆಗಳು. ಮೈಮೇಲೆ ಮಣ್ಣುಬಣ್ಣದ ಹರಕು ನಿಲುವಂಗಿ. ಹೊಸ ಮೇಕಪ್ಪಿನವರು ಕಣ್ಣಿದ್ದ ಜಾಗಕ್ಕೆ ಬೆಳ್ಳಿ ರೇಕು ಮೆತ್ತಿ, ಜರಿಯ ಕೋಟು ತೊಡಿಸಿ, ಅವನನ್ನು ಆರತಕ್ಷತೆಯ ಮದುಮಗನ ಹಾಗೆ ಕಳಿಸಿಬಿಟ್ಟಿದ್ದರು.

ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಅನ್ಯಗ್ರಹದವನಿಗೆ ಅನ್ಯಾಯ ಅಂದರು. ಇದು ಮೇಕಪ್ಪಲ್ಲ, ಮಹಾ ತಪ್ಪು ಅಂದರು. ಉಮ್ಮತ್ತೂರಿನವನೊಬ್ಬ, ಬದನೆಕಾಯಿಗೆ ಬೆಳ್ಳಿ ಕಾಗದ ಸುತ್ತಿದ್ದಾರೆ ಎಂದು ಬರೆದ. ಹಂಗಳದ ಪ್ರಿಯಾಂಕ ಬರೆದು ಸುಮ್ಮನಾಗುವವಳಲ್ಲ. ಚಾಮರಾಜನಗರದ ಕಾಲೇಜಿನಲ್ಲಿ ಓದುತ್ತ, ಅಣಕಿಸಲೆಂದು ಅಲ್ಲಿನ ಮೇಷ್ಟ್ರುಗಳ ದನಿಗಳನ್ನೆಲ್ಲ ಗಂಟಲಲ್ಲಿ ತುಂಬಿಕೊಂಡು ತಿರುಗುವ ಹುಡುಗಿ ಅವಳು. ‘ತ್ರಾಟನಿಗೆ ಕಣ್ಣು ಕೊಡಿ’ ಎಂಬ ಕೂಗು ಎಬ್ಬಿಸಿದವಳೂ ಅವಳೇ. ಹೊಸ ತ್ರಾಟ ಕಣ್ಣು ಕಾಣದೆ, ಆಕಾಶನೌಕೆ ಅಂದುಕೊಂಡು ಊಟಿ ಬಸ್ಸು ಹತ್ತುವ ಹಾಗೆ ಒಂದು ರೀಲ್ಸ್ ಮಾಡಲು ಹೊರಟಳು.

ಮುಖವಾಡ ಮನೆಯಲ್ಲೇ ಇತ್ತು. ಹೋದ ವರ್ಷ ಕಾಗದ ನೆನೆಸಿ, ಅರೆದು, ಅವಳೇ ಮಾಡಿದ್ದ ಹಳೆಯ ತ್ರಾಟ. ಈಗ ಅದು ಅಪ್ಪ ಮಾದಣ್ಣನ ತಲೆಯ ಹಿಂಬದಿಗೆ ಸೇರಿದ ಸ್ವತ್ತು. ಕಾಡಂಚಿನಲ್ಲಿ ದನ ಮೇಯಿಸುವವರು ತಲೆಯ ಹಿಂದೆ ಮುಖವಾಡ ಕಟ್ಟಿಕೊಳ್ಳುವುದು ಈಚೆಗೆ ಬಂದ ಪದ್ಧತಿ. ಹುಲಿ ಹಿಂದಿನಿಂದ ಬರುತ್ತದೆ, ತನ್ನನ್ನೇ ನೋಡುತ್ತಿರುವ ಕಣ್ಣು ಕಂಡರೆ ಹಿಂಜರಿಯುತ್ತದೆ ಎಂಬ ನಂಬಿಕೆ. ಫಾರೆಸ್ಟಿನವರು ಕೊಟ್ಟಿದ್ದನ್ನು ಕರು ಅಗಿದುಹಾಕಿದ ಮೇಲೆ ಮಾದಣ್ಣ ತ್ರಾಟನನ್ನು ಕಟ್ಟಿಕೊಂಡಿದ್ದ. ಆ ಕಣ್ಣಿಗೆ ದನಗಳೇ ಬೆದರುತ್ತಿದ್ದುದರಿಂದ ಕೊಟ್ಟಿಗೆಯಲ್ಲಿ ಅದನ್ನು ಗೋಡೆಗೆ ಮುಖ ಮಾಡಿ ನೇತುಹಾಕುತ್ತಿದ್ದರು. ಬೇಕಾದಾಗ ದಾರ ಹಿಡಿದು ತೆಗೆದು, ಹಾಗೇ ಹಿಂದಕ್ಕೆ ಕಟ್ಟಿಕೊಂಡರಾಯಿತು. ಕಟ್ಟಿಕೊಂಡವನಿಗೆ ಅದರ ಮುಖ ಕಾಣುವ ಪ್ರಮೇಯವೇ ಇಲ್ಲ.

ಹುಲಿ ಸುಳಿದಾಡುತ್ತಿದೆಯೆಂಬ ಸುದ್ದಿಗೆ ಆ ವಾರವೆಲ್ಲ ದನಗಳು ಕೊಟ್ಟಿಗೆ ಬಿಟ್ಟಿರಲಿಲ್ಲ. ಆ ಧೈರ್ಯದ ಮೇಲೆಯೇ ಪ್ರಿಯಾಂಕ ಭಾನುವಾರ ತ್ರಾಟನ ಕಣ್ಣಿಗೆ ಬೆಳ್ಳಿ ಬಣ್ಣ ಬಳಿದಳು. ರೀಲ್ಸ್ ಮುಗಿಯಿತು. ಪೇಟೆಯಿಂದ ಕಪ್ಪು, ಹಳದಿ ಬಣ್ಣ ತಂದು ಮತ್ತೆ ಕಣ್ಣು ಬರೆದರಾಯಿತೆಂದು, ಮುಖವಾಡವನ್ನು ಎಂದಿನಂತೆ ಗೋಡೆಗೆ ತಿರುಗಿಸಿ ತೂಗುಹಾಕಿ, ಸೋಮವಾರ ಬೆಳಗಿನ ಬಸ್ಸು ಹಿಡಿದಳು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗೆಳತಿ ನಯನಾ ರೀಲ್ಸ್‌ಗೆ ಬಂದ ಕಾಮೆಂಟುಗಳನ್ನು ಒಂದೊಂದು ದನಿಯಲ್ಲಿ ಓದುತ್ತಿದ್ದಳು. ಮೂಗಿನಲ್ಲಿ ಒಂದು, ಗೊರಕೆಯಲ್ಲಿ ಒಂದು. ಆಮೇಲೆ ವಾರ್ತೆ ಓದುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿ, “ಹಳೇ ತ್ರಾಟ ನೋಡಿದ್ರೆ ಎದೆ ಝಲ್ ಅಂತಿತ್ತು. ಈ ಕುರುಡನಿಗೆ ಯಾರು ಹೆದರ್ತಾರೆ?” ಎಂದು ಓದಿದಳು. ಪ್ರಿಯಾಂಕ ನಗುತ್ತಿರುವಾಗಲೇ ಅಮ್ಮ ಪುಟ್ಟಮಾದಮ್ಮನ ಫೋನು ಬಂತು.

ಊಟ ಆಯಿತೇ ಎಂದು ಕೇಳಿ, ಮೊಮ್ಮಗುವಿನ ಹಾಗೆ ಸಾಕಿದ ಕರುವಿನ ತಂಟೆ ಹೇಳಿ, ಕೊನೆಗೆ ಅಮ್ಮ ಅಂದಳು: “ನಿಮ್ಮಪ್ಪ ದನ ಹೊಡ್ಕಂಡು ಕಾಡ್ ಕಡೀಕ್ ಓದ್ರು ಕಣಮ್ಮಿ. ಇನ್ನೆಷ್ಟು ದಿಸ ಕಟ್ಟಾಕದು, ಹುಲ್ಲೆಲ್ಲದೆ? ಭಯ ಏನಿಲ್ಲ ಬುಡು, ನೀ ಮಾಡಿದ್ ಮಕ ಕಟ್ಕಂಡೇ ಓಗವ್ರೆ.”

ಪ್ರಿಯಾಂಕ ಬ್ಯಾಗು ಹೆಗಲಿಗೇರಿಸಿ ಎದ್ದಳು. ನಿಜ ಹೇಳಿದರೆ ಅಮ್ಮ ಒಬ್ಬಳೇ, ಬರಿದಲೆಯಲ್ಲಿ, ಕಾಡಿನತ್ತ ಓಡುತ್ತಾಳೆ. ಅಪ್ಪನ ಫೋನು ಎಲ್ಲಿ ಎಂದಷ್ಟೇ ಕೇಳಿದಳು. ಚಾರ್ಜಿಗೆ ಹಾಕಿ ಹೋಗಿದ್ದನಂತೆ.

ಗುಂಡ್ಲುಪೇಟೆಗೆ ಟೊಮೆಟೊ ತಂದಿದ್ದ ಪಕ್ಕದ ಮನೆ ರಾಜಣ್ಣನಿಗೆ ಫೋನು ಮಾಡಿದಳು. ಅವನು ಮೊದಲು, ಟೀವಿ ಭೂತಕ್ಕೆಲ್ಲ ಹುಲಿ ಹೆದರುತ್ತದಾ ಎಂದು ಕಿಚಾಯಿಸಿದ. ಅವಳು ಅಳುತ್ತಿರುವುದು ಕೇಳಿಸಿದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಬೈಕು ಹಿಡಿದು ನಿಂತಿರುತ್ತೇನೆ ಅಂದ.

ಬಸ್ಸು ತೆರಕಣಾಂಬಿಯಲ್ಲಿ ಯಾರಿಗೋ ಕಾಯುತ್ತ ನಿಂತೇಬಿಟ್ಟಿತು. ಡ್ರೈವರು ಟೀ ಕುಡಿದ. ಕಿಸೆಯಲ್ಲಿ ಫೋನು ಬಿಡದೆ ಗುಂಯ್‌ಗುಡುತ್ತಿತ್ತು. ತೆಗೆದು ನೋಡಿದರೆ ಅವಳದೇ ಕೂಗು ಊರೂರಿನಿಂದ ತಿರುಗಿ ಬರುತ್ತಿದೆ: ಕಣ್ಣು ಕೊಡಿ, ಕಣ್ಣು ಕೊಡಿ. ನಗುವ ಮುಖಗಳ ಸಾಲಿನ ನಡುವೆ ಆ ಮಾತು ಓದಲಾಗದೆ ಫೋನು ಆರಿಸಿದಳು. ಆದರೂ ತುಟಿ ಅದನ್ನೇ ಜಪಿಸುತ್ತಿತ್ತು, ಯಾವ ದೇವರಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹಂಗಳ ದಾಟಿ, ಹುರುಳಿ ಹೊಲದ ಕೊನೆಯಲ್ಲಿ ಬೈಕಿಗೆ ದಾರಿ ಮುಗಿಯಿತು. ಅಲ್ಲೇ ನಿಂತಿರು, ಜನ ಕರೆತರುತ್ತೇನೆ ಎಂದು ರಾಜಣ್ಣ ಹಿಂದಿರುಗಿದ. ಅವಳು ನಿಲ್ಲಲಿಲ್ಲ.

ಇಳಿಜಾರಿನಲ್ಲಿ ದನಗಳು ಕಂಡವು. ಒಂದೂ ಹುಲ್ಲಿಗೆ ಬಾಯಿ ಹಾಕಿರಲಿಲ್ಲ. ಎಲ್ಲವೂ ಗುಂಪಾಗಿ, ಕಿವಿ ನಿಗುರಿಸಿ, ಲಂಟಾನದ ಪೊದೆಯ ಕಡೆಗೇ ನೋಡುತ್ತಿದ್ದವು. ಆ ಪೊದೆಗೆ ಬೆನ್ನು ಮಾಡಿ ಅಪ್ಪ ನೆಮ್ಮದಿಯಾಗಿ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ. ತಲೆಯ ಹಿಂದೆ ಬೆಳ್ಳಿಯ ಕುರುಡು ಮುಖ ಬಿಸಿಲಿಗೆ ಥಳಥಳಿಸುತ್ತಿತ್ತು.

ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಕೂಗಿದರೆ ಅಪ್ಪ ಎದ್ದು ಓಡಿಬಂದಾನು. ಓಡುವುದರ ಬೆನ್ನು ಕಂಡರೆ ಹುಲಿ ಬಿಡುವುದಿಲ್ಲವೆಂದು ಹೇಳಿಕೊಟ್ಟವನು ಅವನೇ. ಓಡದೆ, ನಡೆದೇ ಹೋಗಿ, ಅವನ ಬೆನ್ನ ಹಿಂದೆ, ಪೊದೆಗೆ ಮುಖ ಮಾಡಿ ನಿಂತಳು.

“ಕಾಲೇಜ್ ಬುಟ್ಟು ಇಲ್ಲಿಗ್ಯಾಕ್ ಬಂದೆ ಕಣಮ್ಮಿ?”

“ಮೆಲ್ಲಗೆ ಎದ್ದೇಳಪ್ಪ, ಮನೆಗ್ ಓಗನ. ಆ ಮಕುಕ್ಕೆ ಕಣ್ಣಿಲ್ಲ. ನಾನೇ ಬಣ್ಣ ಬಳ್ದ್‌ಬುಟ್ಟೆ.”

ಮಾದಣ್ಣ ಕೈ ಹಿಂದಕ್ಕೆ ತಂದು ಮುಖವಾಡವನ್ನು ಸವರಿದ. ಬೆರಳಿಗೆ ಹತ್ತಿದ ಬೆಳ್ಳಿಯನ್ನು ನೋಡಿದ. ಬೈಯಲಿಲ್ಲ. ಎಲೆ ಕೈಯಿಂದ ಜಾರಿತು.

“ದನ ಯಾಕೋ ಮೇಯ್ತಿರ್ನಿಲ್ಲ,” ಅಂದ, ತೀರ ಸಣ್ಣ ದನಿಯಲ್ಲಿ. “ಬೆಳಗ್ಗಿಂದ ಒಂದ್ಸಲಾನೂ ಹಿಂದುಕ್ ತಿರುಗಿಲ್ಲ ಕಣಮ್ಮಿ. ಅದು ನೋಡ್ಕತದೆ ಅನ್ಕಂಡು.”

ಅವನು ಎದ್ದು ದನಗಳನ್ನು ಊರಿನ ಕಡೆಗೆ ಹೊರಡಿಸಿದ. ಅವಳು ತಿರುಗಲಿಲ್ಲ. ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು, ಎಡಗೈಯಿಂದ ಅವನ ಪಂಚೆಯ ಸೆರಗು ಹಿಡಿದು, ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟಳು. ಮುಂದೆ ಕಲ್ಲಿದೆ, ಗುಂಡಿಯಿದೆ ಎಂದು ಅಪ್ಪ ಪಿಸುಗುಡುತ್ತಿದ್ದ. ಬಿಸಿಲಿಗೆ ಅವಳ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಧೈರ್ಯ ಬರಲಿಲ್ಲ.

ಗಾಳಿಯೇ ಇರಲಿಲ್ಲ. ಆದರೂ ಪೊದೆಯ ಬುಡದಲ್ಲಿ ಎಲೆಗಳು ಅಲುಗಿದವು, ನಿಂತವು. ಆಮೇಲೆ ಈಚೆ ಪೊದೆಯಲ್ಲಿ ಅಲುಗಿದವು. ಹುರುಳಿ ಹೊಲ ಇನ್ನೂ ದೂರವಿತ್ತು, ರಾಜಣ್ಣನ ಕಡೆಯವರ ಸದ್ದಿಲ್ಲ. ಅವಳು ಎಲೆ ಅಲುಗಿದ ಜಾಗದಲ್ಲೇ ಕಣ್ಣು ನೆಟ್ಟು ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟಳು.