ಮಾಹಿತಿದಾರ ೧

ಬೈಂಡರಿಗೆ ಪುಸ್ತಕ ಓದುವ ಚಟ ಇರಬಾರದು. ಪುಟ ನೋಡುವ ಕಣ್ಣಿದ್ದರೆ ಸಾಕು. ವಿಶ್ವವಿದ್ಯಾಲಯದ ಗೇಟಿನೆದುರು, ಎರಡಾಳು ನಿಂತರೆ ಮೂರನೆಯವನು ಬೀದಿಗೆ ಬೀಳುವಂಥ ಅಂಗಡಿಯಲ್ಲಿ, ಅಣ್ಣ ಎಂಟು ವರ್ಷದಿಂದ ವಿದ್ಯಾರ್ಥಿಗಳ ಪ್ರಬಂಧಗಳಿಗೆ ರಟ್ಟು ಹಾಕುತ್ತಿದ್ದ. ಮೊದಲ ಪುಟ ತಲೆಕೆಳಗಾಗಿಲ್ಲ, ಕೊನೆಯ ಪುಟ ಕಾಣೆಯಾಗಿಲ್ಲ ಎಂದರೆ ಅವನ ಓದು ಮುಗಿಯಿತು. ಒಳಗೆ ಯಾವ ದೇಶ ಯಾವ ದೇಶದ ಮೇಲೆ ಬಿದ್ದರೆ ಅವನ ಗಂಟೇನು ಹೋಗಬೇಕು.

ಆದರೆ ಅಂದು ಮೇಜಿನ ಮೇಲಿದ್ದದ್ದು ತಮ್ಮನ ಪ್ರಬಂಧ. ರಾಜಕೀಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು, ಕೊನೆಯ ವರ್ಷ. ಮೂರು ಪ್ರತಿ, ವಿಭಾಗಕ್ಕೆ ಎರಡು, ಮನೆಗೆ ಒಂದು. ನಾಲ್ಕು ಗಂಟೆಯೊಳಗೆ ಕಚೇರಿಯ ಕಿಟಕಿಗೆ ತಲುಪದಿದ್ದರೆ ಒಂದು ವರ್ಷದ ಓದು ನೀರುಪಾಲು. ಹೊಲಿಗೆ ಮುಗಿದಿತ್ತು. ಅಂಚು ಕತ್ತರಿಸಿಯಾಗಿತ್ತು. ಚಿನ್ನದ ಅಕ್ಷರ ಒತ್ತಿದ ರೆಕ್ಸಿನ್ ಬಂದಿತ್ತು. ರಟ್ಟು ಹಾಕುವುದೊಂದೇ ಬಾಕಿ.

ಚಿನ್ನದಲ್ಲಿ ತಮ್ಮನ ಹೆಸರು. ಅದನ್ನು ಕಂಡಾಗಲೇ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಗಿತ್ತು. ಅಣ್ಣನನ್ನು ಯಾರೂ ಶಾಲೆ ಬಿಡಿಸಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಲೆಕ್ಕದ ಮೇಷ್ಟ್ರು ಅವನ ಪುಸ್ತಕವನ್ನು ಕಿಟಕಿಯಾಚೆ ಎಸೆದಾಗ, ಹೆಕ್ಕಲು ಹೋದವನು ಹಾಗೇ ಮನೆಗೆ ನಡೆದುಬಿಟ್ಟಿದ್ದ. ಅಪ್ಪ ಬೈದ, ಅಮ್ಮ ಅತ್ತಳು, ಅವನು ಮರಳಲಿಲ್ಲ. ನಿನ್ನಿಂದ ಹೀಗಾಯಿತು ಎಂದು ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಕ್ಕಿದವನು ತಮ್ಮನೊಬ್ಬನೇ, ಅವನ ತಪ್ಪೆಂದರೆ ಓದಿದ್ದು.

ಚಟವಿಲ್ಲದವನು ಅಂದು ಪುಟ ತಿರುವಿದ. ಮೂರನೆಯ ಅಧ್ಯಾಯದಲ್ಲಿ ಕಣ್ಣು ನಿಂತಿತು. “ಗಡಿ ವಿವಾದಗಳಲ್ಲಿ ಮಧ್ಯಸ್ಥನು ಉಭಯ ಪಕ್ಷಗಳಿಗೂ ಸಮಾನವಾಗಿ ಅಪ್ರಿಯನಾಗಿರುವುದು ಲಾಭಕರ. ‘ಒಬ್ಬರಿಗೆ ಬೇಕಾದವನು ಎಳೆದರೆ ಅದು ಗೆರೆಯಲ್ಲ, ಬರೆ’ (ಮಾಹಿತಿದಾರ ೧).”

ಅದು ಅವನ ಮಾತು. ಹೋದ ವರ್ಷ ಪಕ್ಕದ ಚಹಾದಂಗಡಿಯವನೂ ಹಣ್ಣಿನ ಗಾಡಿಯವಳೂ ಅಂಗಡಿಗಳ ಮುಂದಿನ ಮೂರು ಮೊಳ ಜಾಗಕ್ಕೆ ಹಾವು ಮುಂಗುಸಿಯಾಗಿದ್ದಾಗ, ಇಬ್ಬರಿಗೂ ಆಗದಿದ್ದ ಇವನೇ ಹೋಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದಿದ್ದ. ಆ ದಿನ ಊಟಕ್ಕೆ ಕೂತಾಗ ತಮ್ಮ ಕೆದಕಿ ಕೆದಕಿ ಕೇಳಿದ್ದ, ಅಣ್ಣ ಉಬ್ಬಿ ಉಬ್ಬಿ ಹೇಳಿದ್ದ. ಈಗ ಹನ್ನೊಂದು ಪುಟ ಪೂರ್ತಿ ಅದೇ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಪದ. ಆ ಬೀದಿಯಲ್ಲಿ ಮಾಹಿತಿದಾರ ಎಂದರೆ ಒಂದೇ ಅರ್ಥ, ಪೊಲೀಸರ ಕಿವಿ. ಬೀಗ ರಿಪೇರಿಯವನಿಗೆ ಒಮ್ಮೆ ಆ ಹೆಸರು ಅಂಟಿಕೊಂಡಿತು. ಎರಡೇ ತಿಂಗಳಿಗೆ ಅವನು ಪೆಟ್ಟಿಗೆ ಕಟ್ಟಿಕೊಂಡು ಹೋದ. ಒಂದು ಲೋಟ ಚಹಾ ಕೊಡುವವರೂ ಇರಲಿಲ್ಲ.

ಎರಡು ಗಂಟೆಗೆ ತಮ್ಮ ಬಂದ. “ಆಯ್ತಾ ಅಣ್ಣ?”

“ಬನ್ನಿ ಪ್ರೊಫೆಸರ್ ಸಾಹೇಬ್ರೇ. ನಾನು ಯಾವಾಗಿಂದ ಪೊಲೀಸರಿಗೆ ಸುದ್ದಿ ಕೊಡೋಕೆ ಶುರು ಮಾಡ್ದೆ?”

ತಮ್ಮ ತೆರೆದ ಪುಟ ನೋಡಿ ನಕ್ಕುಬಿಟ್ಟ. ನಗಬಾರದಿತ್ತು. “ಅದು ಆ ಮಾಹಿತಿದಾರ ಅಲ್ಲ ಕಣಣ್ಣ. ಸಂಶೋಧನೆಗೆ ಮಾಹಿತಿ ಕೊಟ್ಟೋರನ್ನ ಹಾಗಂತಾರೆ. ಹೆಸರು ಹಾಕೋ ಹಾಗಿಲ್ಲ. ನಿನ್ನ ರಕ್ಷಣೆಗೇ ಆ ನಿಯಮ.”

“ನನ್ನ ರಕ್ಷಣೆಗೆ.”

“ಹೂಂ.”

“ಪುಟದ ಕೆಳಗಡೆ ದೊಡ್ಡ ದೊಡ್ಡೋರ ಹೆಸರು ಇಸವಿ ಸಮೇತ ಹಾಕಿದೀಯಲ್ಲ. ಅವರನ್ನ ಯಾರಾದ್ರೂ ಬಂದು ಬಡಿದು ಹಾಕ್ಲಿ ಅಂತಾನಾ?”

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಚಹಾದವನು ಕಿಸಕ್ಕೆಂದ.

“ಅವರು ಬರೆದೋರು, ಅಣ್ಣ.”

“ನಾನು?”

ತಮ್ಮ ತಡವರಿಸಿದ. “ನೀನು ಹೇಳಿದೋನು.”

ಅಣ್ಣ ಅಂಟಿನ ಡಬ್ಬಿಯನ್ನು ಅವನತ್ತ ತಳ್ಳಿ, ಸ್ಟೂಲನ್ನು ಗೋಡೆಗೆ ಎಳೆದುಕೊಂಡು ಕೂತ. “ಸರಿ ಹಾಗಾದ್ರೆ. ಹೇಳ್ತೀನಿ. ನೀನೇ ಕಟ್ಟು.”

“ಅಣ್ಣ, ನಾಲ್ಕು ಗಂಟೆಗೆ ಕಿಟಕಿ ಮುಚ್ತಾರೆ.”

“ಗಡಿಯಾರ ನೋಡೋಕೆ ನನಗೂ ಬರುತ್ತೆ. ಅಷ್ಟು ಓದಿದೀನಿ.”

ತಮ್ಮನಿಗೆ ಅಣ್ಣನ ಹಟ ಗೊತ್ತಿತ್ತು. ಅಂಗಿಯ ತೋಳು ಮಡಚಿದ. ಮೊದಲನೆಯದರಲ್ಲಿ ಅಂಟು ಹೆಚ್ಚಾಗಿ, ರೆಕ್ಸಿನ್ನಿನ ಮೂಲೆ ಏಟು ಬಿದ್ದ ತುಟಿಯ ಹಾಗೆ ದಪ್ಪಗಾಯಿತು. ಎರಡನೆಯದರಲ್ಲಿ ರಟ್ಟಿಗೂ ಬೆನ್ನಿಗೂ ನಡುವೆ ಸಂದು ಬಿಡದೆ, ಪುಸ್ತಕ ಬಾಯಿಯನ್ನೇ ತೆರೆಯಲಿಲ್ಲ.

“ಎರಡು ದೇಶ ಸೇರಿಸೋನಿಗೆ ಎರಡು ರಟ್ಟು ಸೇರಿಸೋಕೆ ಆಗ್ಲಿಲ್ವಲ್ಲಪ್ಪ,” ಎಂದ ಚಹಾದವನು.

ಅಣ್ಣನಿಗೆ ಆ ಮಾತು ಬಿಸಿಲಲ್ಲಿ ಬಂದವನಿಗೆ ತಣ್ಣೀರು ಸಿಕ್ಕಂತಿತ್ತು. ಗೋಡೆಗೆ ಒರಗಿಕೊಂಡೇ ಹೇಳುತ್ತ ಹೋದ: ಬ್ರಷ್ಷನ್ನು ಒಂದೇ ಕಡೆಗೆ ಎಳೆ. ಸಂದಿಗೆ ರಟ್ಟಿನ ದಪ್ಪದ ಎರಡರಷ್ಟು ಬಿಡು. ಮೂಲೆಯನ್ನು ಉಗುರಲ್ಲಿ ಒಳಕ್ಕೆ ನೂಕು, ಆಮೇಲೆ ಮಡಿಸು. ಹೇಳುವುದಕ್ಕೂ ಒಂದು ಗತ್ತಿರುತ್ತದೆ. ಅಂಟು ಮೆತ್ತಿದ ಬೆರಳು, ಮೂಗಿನ ಮೇಲಿಂದ ಜಾರುತ್ತಿದ್ದ ಕನ್ನಡಕ, ಅದನ್ನು ಮಣಿಕಟ್ಟಿನಲ್ಲಿ ಮೇಲೆ ತಳ್ಳುವ ತಮ್ಮ. ಇನ್ನೊಂದು ಕೆಟ್ಟರೆ ಸಾಕು, ಅವನು ಕೇಳಲಿ, ಕೈ ಮುಗಿದು ಕೇಳಲಿ ಎಂದು ಕಾದ.

ಮೂರನೆಯದು ಕೆಡಲಿಲ್ಲ.

ತಮ್ಮ ಉಗುರಲ್ಲಿ ನೂಕಿದ, ಮಡಿಸಿದ. ಮೂಲೆ ಚಾಕುವಿನಲ್ಲಿ ಕೊಯ್ದಷ್ಟು ಚೂಪಾಗಿ ಕೂತಿತು. ನಾಲ್ಕೂ ಕೂತವು. ಆ ಮೂಲೆ ಕೂರಿಸಲು ಅಣ್ಣನಿಗೆ ನಾಲ್ಕು ತಿಂಗಳು ಬೇಕಾಗಿತ್ತು. ಇದೇ ಮೇಜಿನ ಮುಂದೆ, ಕಸುಬು ಕಲಿಸುತ್ತಿದ್ದ ಅಪ್ಪನ ಕೈಯ ಏಟು ತಿಂದಿದ್ದ. ಇವನಿಗೆ ಮುಕ್ಕಾಲು ಗಂಟೆ. ಪರದೇಶದ ಒಪ್ಪಂದಗಳೂ ಇವನಿಗೇ, ಚಿನ್ನದ ಅಕ್ಷರವೂ ಇವನಿಗೇ, ಈಗ ಈ ನಾಲ್ಕು ಮೂಲೆಗಳೂ. ಒಬ್ಬನಿಗೆ ಬಾರದ್ದು ಅಂತ ಒಂದಾದರೂ ಬೇಡವೇ?

“ಸರಿ ಬಂತಾ ಅಣ್ಣ?” ತಮ್ಮನ ಮುಖ ಅರಳಿತ್ತು.

ಅಣ್ಣ ತಟ್ಟನೆ ಎದ್ದು, ಅಂಟಿನ್ನೂ ಹಸಿಯಿದ್ದ ಆ ಎರಡು ಕೆಟ್ಟ ಪ್ರತಿಗಳ ಮೇಲೆ ಬಿದ್ದ. ರೆಕ್ಸಿನ್ ಕಿತ್ತ, ಒರೆಸಿದ, ಹೊಸ ರಟ್ಟು ಇಟ್ಟ. ತಮ್ಮನನ್ನು ಉಳಿಸಲೆಂದಲ್ಲ. ಇವುಗಳ ಪಕ್ಕದಲ್ಲಿಟ್ಟರೆ ಆ ಮೂರನೆಯದು ಇಂದಷ್ಟೇ ಕೈಯಿಟ್ಟವನ ಕೆಲಸವೆಂದು ಕುರುಡನಿಗೂ ತಿಳಿಯಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಇಡೀ ಎಂಟು ವರ್ಷವನ್ನು ಕೈಗೆ ತಂದುಕೊಂಡು ಕಟ್ಟಿದ. ಪ್ರೆಸ್ಸಿನ ತಿರುಪು ಕಿರ್ರೆಂದಿತು. ಮೂರೂಮುಕ್ಕಾಲಿಗೆ ಮೂರನ್ನೂ ಸಾಲಾಗಿ ಇಟ್ಟು, ಗೆದ್ದೆನೋ ಎಂದು ಬಗ್ಗಿ ನೋಡಿದ.

ಗೆದ್ದಿದ್ದ. ಆದರೆ ಎಳ್ಳಷ್ಟು ಮಾತ್ರ.

ತಮ್ಮ ಎರಡನ್ನು ಕಂಕುಳಿಗೆ ಸೇರಿಸಿದ. ಅಣ್ಣ ಕಟ್ಟಿದ್ದೊಂದು, ತಾನು ಕಟ್ಟಿದ್ದೊಂದು. ಅಣ್ಣನ ಇನ್ನೊಂದನ್ನು ಮೇಜಿನ ಮೇಲೇ ಬಿಟ್ಟ.

“ಏ, ನಿನ್ನದನ್ನ ಯಾಕೋ ಒಯ್ತೀಯ? ನನ್ನವೆರಡೂ ಕೊಡು.”

“ಇದರಲ್ಲಿ ಪೂರ್ತಿ ನಾನೇ ಮಾಡಿದ್ದು ಅಂತ ಒಂದಾದ್ರೂ ಇರ್ಲಿ ಬಿಡಣ್ಣ.”

“ಅದನ್ನೂ ಹೇಳಿಕೊಟ್ಟೋನು ನಾನೇ ಕಣೋ.”

“ಗೊತ್ತು,” ಎಂದ ತಮ್ಮ, ನಗದೆ. ಏನೋ ಸೇರಿಸಲು ಬಾಯಿ ತೆರೆದ. ಗಡಿಯಾರ ನೋಡಿ ಓಡಿದ.

ಅವನು ಗೇಟು ದಾಟುವಾಗ, ತಾನೇ ಕಟ್ಟಿದ ಪ್ರತಿ ಕಂಕುಳಿಂದ ಜಾರುತ್ತಿತ್ತು. ಜಾರಲಿ, ಬೀಳಲಿ, ಮೂಲೆ ನುಗ್ಗಾಗಲಿ. ಅಣ್ಣ ಹಲ್ಲು ಕಚ್ಚಿ ನಿಂತ. ಹಲ್ಲಿನ ಸಂದಿನಿಂದಲೇ ಬೀದಿ ಕೇಳುವಷ್ಟು ದೊಡ್ಡದಾಗಿ ಹೊರಬಿತ್ತು: “ಬೆನ್ನು ಮೇಲಾಗಿ ಹಿಡ್ಕೊಳೋ, ಅಂಟು ಇನ್ನೂ ಹಸಿ ಇದೆ.”

ತಮ್ಮ ನಿಂತು, ತಿರುಗಿಸಿ ಹಿಡಿದು, ಮತ್ತೆ ಓಡಿದ. ಅಣ್ಣ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡ. ಮತ್ತೆ ಹೇಳಿಬಿಟ್ಟಿದ್ದ.