ನೀಲವ್ವ ಹತ್ತದ ಬಸ್ಸು

ಕೌದಿ ಹೊಲಿಯುವವಳಿಗೆ ಪುಸ್ತಕ ಹಿಡಿಯಲು ಕೈ ಬಿಡುವಿರುವುದಿಲ್ಲ. ಪುಸ್ತಕ ಓದುವವಳಿಗೆ ಸೂಜಿಯ ಮೇಲೆ ಕಣ್ಣಿಡಲಾಗುವುದಿಲ್ಲ. ಎರಡೂ ಒಟ್ಟಿಗೆ ನಡೆಯಬೇಕಾದರೆ ಇಬ್ಬರು ಬೇಕು. ಇಷ್ಟು ಸಣ್ಣ ಲೆಕ್ಕ ನನಗೆ ತಿಳಿದದ್ದು ಗದಿಗೆವ್ವ ಹೋದ ಮೇಲೆ.

ಎಂಬತ್ತೊಂಬತ್ತರಲ್ಲಿ ನಾವಿಬ್ಬರೂ ಬ್ಯಾಡಗಿಯ ಒಂದೇ ಓಣಿಯಲ್ಲಿದ್ದೆವು. ನಾನು ಗಂಡ ಬಿಟ್ಟವಳು, ಅಣ್ಣ ಅಬ್ದುಲಗನಿಯ ಸೈಕಲ್ ಅಂಗಡಿಯ ಹಿಂದಿನ ಖೋಲಿಯಲ್ಲಿದ್ದೆ. ಅವಳು ಗಂಡ ಸತ್ತವಳು, ಎದುರುಮನೆಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನ ಅತ್ತಿಗೆ. ಎಂಟು ಮಂದಿಗೆ ರೊಟ್ಟಿ ಬಡಿಯುವುದು, ಭಾಂಡೆ ತಿಕ್ಕುವುದು, ದನದ ಸಗಣಿ ಬಳಿಯುವುದು ಎಲ್ಲ ಅವಳದೇ. ಅದರ ಮೇಲೆ "ಕೂಳ ಹಾಕಿ ಸಾಕೇವಿ" ಎಂಬ ಮಾತು. ಹನ್ನೆರಡು ವರ್ಷ ಪುಕ್ಕಟೆ ದುಡಿಸಿಕೊಂಡು ಸಾಕಿದೆವು ಎನ್ನುವ ಮನೆಗಳು ನಮ್ಮ ಓಣಿಯಲ್ಲಿ ಅದೊಂದೇ ಆಗಿರಲಿಲ್ಲ.

ಪ್ರಭುಲಿಂಗಪ್ಪನ ಮಗಳ ಮದುವೆ ಗೊತ್ತಾಗಿತ್ತು. ಅವಳ ಜೊತೆ ಕಳಿಸಿಕೊಡಲು ಕೌದಿ ಬೇಕಾಗಿತ್ತು. ಮನೆಯವರ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಹೊತ್ತುಕೊಂಡು ಗದಿಗೆವ್ವ ಮಧ್ಯಾಹ್ನ ನನ್ನ ಕಟ್ಟೆಗೆ ಬರುತ್ತಿದ್ದಳು. ಅಲ್ಲಿ ಬೆಳಕು ಚಲೋ ಅಂತ ಮನೆಯವರಿಗೆ ಹೇಳಿದ್ದಳು. ಬೆಳಕಿನ ಮಾತು ನೆಪ. ನಾನು ತಿಂಗಳಿಗೊಮ್ಮೆ ರಾಣೆಬೆನ್ನೂರಿನ ಓದುಗರ ಬಳಗಕ್ಕೆ ಹೋಗಿ ಕಾದಂಬರಿ ತರುತ್ತಿದ್ದೆ, ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದುವುದು, ಅವಳು ಹೊಲಿಯುವುದು. ಕೌದಿಯ ಹೊಲಿಗೆ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ಒಳಗೆ ಸರಿಯುತ್ತದೆ. ಓದಿದ್ದನ್ನು ಅವಳು ಪುಟದಲ್ಲಿ ಎಣಿಸುತ್ತಿರಲಿಲ್ಲ.

"ನಿನ್ನೆ ಎರಡ ಸುತ್ತ ಓದಿದ್ದಿ. ಇವತ್ತ ಒಂದಕ್ಕ ದಣದೇನ ಬೇಗಮ್ಮ?"

"ಗಂಟಲಾ ಹರಕೊಂಡೇನಿ. ನೀರರ ಕುಡೀಲಿಬೇ."

"ಕುಡಿ, ಕುಡಿ. ಆ ನೀಲವ್ವನ ಅತ್ತಿ ಬಾಯಾಗ ಒಂದ ಮುಟಗಿ ಖಾರಾ ತುಂಬಿ ಬಾ, ಹಂಗ."

ನೀಲವ್ವ ಆ ಸಲದ ಕಾದಂಬರಿಯ ಹೆಣ್ಣು. ವಿಧವೆ. ಗಂಡನ ಮನೆಯಲ್ಲಿ ಎಮ್ಮೆ ಕಾಯುತ್ತ, ಬೈಸಿಕೊಳ್ಳುತ್ತ ಇರುವವಳು. ಮೊದಲ ಅಧ್ಯಾಯದಲ್ಲೇ ಗದಿಗೆವ್ವನ ಸೂಜಿ ನಿಂತಿತ್ತು. ಆಮೇಲೆ ನೀಲವ್ವ ಇಬ್ಬರಿಗೂ ನೆಂಟಳಾದಳು. ಇನ್ನೇನು ಪುಸ್ತಕ ಮುಗಿಯಬೇಕು ಎನ್ನುವಾಗ ಗದಿಗೆವ್ವ ದಾರ ಕಚ್ಚಿ ಹರಿದು ಕೇಳಿದಳು.

"ಮುಂದ ಏನ ಮಾಡತಾಳಬೇ ಇಕಿ?"

"ನಾಳೆ ತಿಳೀತೈತಿ."

"ಆಕಿ ಏನ ಮಾಡತಾಳ ಅದನ್ನ ನಾನೂ ಮಾಡಾಕಿ." ಹೇಳಿ ನಕ್ಕಳು.

ನನಗೆ ನಗು ಬರಲಿಲ್ಲ. ಅವಳು ಹೋದೊಡನೆ ಕೊನೆಯ ಅಧ್ಯಾಯ ಓದಿದೆ. ನೀಲವ್ವ ಬಾವಿಗೆ ಬೀಳುತ್ತಾಳೆ.

ಸಿಟ್ಟು ನೆತ್ತಿಗೇರಿತು. ಆ ವರ್ಷ ಬಳಗದಲ್ಲಿ ಓದಿದ ಆರು ಕಾದಂಬರಿಗಳಲ್ಲಿ ನಾಲ್ವರು ಹೆಂಗಸರು ಬಾವಿ ಪಾಲು, ಒಬ್ಬಳು ಬೆಂಕಿ ಪಾಲು. ಬಾವಿಯಿಲ್ಲದ ಊರಾದರೆ ಬರೆಯುವವನು ತಾನೇ ಗುದ್ದಲಿ ಹಿಡಿದು ತೋಡುತ್ತಾನೆ. ಅವಳನ್ನು ಬಾವಿಯವರೆಗೆ ಅಟ್ಟಿದವರು ಆ ರಾತ್ರಿಯೂ ಉಂಡು ಮಲಗುತ್ತಾರೆ. ಇದನ್ನು ಬಳಗದಲ್ಲಿ ಹೇಳಿದರೆ "ಇದ್ದದ್ದನ್ನ ಬರದಾರ್ರಿ, ನೀವ್ಯಾಕ ಸಿಟ್ಟಾಗತೀರಿ" ಎಂದು ಚಹಾ ಕೊಡುತ್ತಿದ್ದರು.

ಮರುದಿನ ಗದಿಗೆವ್ವ ಬಂದು ಕೌದಿ ಹರವಿದಳು. ನಾನು ಪುಟದ ಮೇಲೆ ಕಣ್ಣಿಟ್ಟು ಅಲ್ಲಿಲ್ಲದ್ದನ್ನು ಓದಿದೆ. ನೀಲವ್ವ ಬಾವಿಯ ಹತ್ತಿರ ನಿಂತಳು, ಮುಖ ತೊಳೆದಳು, ಸೆರಗಿನಿಂದ ಒರೆಸಿಕೊಂಡು ಡಾಂಬರು ರಸ್ತೆಗೆ ನಡೆದಳು, ಮೊದಲ ಬಸ್ಸು ಹತ್ತಿದಳು. ಕಂಡಕ್ಟರ್ ಎಲ್ಲಿಗೆ ಎಂದರೆ, "ಕಡೀ ಸ್ಟಾಪಿಗೆ" ಎಂದಳು. ಅಷ್ಟೇ. ಪುಸ್ತಕ ಮುಚ್ಚಿದೆ.

ಗದಿಗೆವ್ವ ಸೂಜಿಗೆ ಮತ್ತೆ ದಾರ ಪೋಣಿಸಿದಳು. ಆಮೇಲೆ "ಶಾಣ್ಯಾಕಿ" ಎಂದಳು.

ನಾಲ್ಕನೆಯ ದಿನ ಅವಳು ಮನೆಯಲ್ಲಿರಲಿಲ್ಲ. ಪ್ರಭುಲಿಂಗಪ್ಪ ನಮ್ಮ ಕಟ್ಟೆಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ಒದರಿದ.

"ಪುಸ್ತಕಾ ಓದಿ ನಮ್ಮ ಹೆಣ್ಮಗಳ ತಲಿ ಕೆಡಿಸಿದಿ! ಎಲ್ಲಿ ಕಳಿಸಿದಿ ಹೇಳು!"

"ಹನ್ನೆರಡ ವರ್ಷ ಆಕೀ ಕೈಯಾಗಿನ ರೊಟ್ಟಿ ತಿಂದಿ. ಇನ್ನ ನೀನ ಬಡಕೊಂಡ ತಿನ್ನು."

ಅಣ್ಣ ಓಡಿ ಬಂದು ನನ್ನನ್ನು ಒಳಗೆ ದೂಡಿದ. ಪ್ರಭುಲಿಂಗಪ್ಪ ನನ್ನ ಕಟ್ಟೆಯ ಮೇಲೆ ಉಳಿದಿದ್ದ ಅರ್ಧ ಕೌದಿಯನ್ನು ಎಳೆದುಕೊಂಡು ಹೋದ. ಸೂಜಿ ದಾರಕ್ಕೆ ಜೋತು ನೆಲ ಗೀರುತ್ತ ಹೋಯಿತು.

ತಿಂಗಳ ಮೇಲೆ ಸುದ್ದಿ ಬಂತು. ಹಾವೇರಿಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಾಳೆ, ಸಂಬಳವಿದೆ, ಮಲಗಲು ಖೋಲಿಯಿದೆ. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಅಷ್ಟು ಹೆಮ್ಮೆ ಜೀವನದಲ್ಲಿ ಯಾವತ್ತೂ ಪಟ್ಟಿರಲಿಲ್ಲ. ನಾನು ಓದಿದ ನಾಲ್ಕು ಸಾಲು ಒಬ್ಬ ಹೆಂಗಸನ್ನು ಬಿಡಿಸಿತು ಎಂದುಕೊಂಡೆ.

ಆ ಹೆಮ್ಮೆಯನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಓಣಿಯ ಹೆಂಗಸರು ನನ್ನ ಕಟ್ಟೆ ದಾಟುವಾಗ ಮಕ್ಕಳ ಕೈ ಹಿಡಿದುಕೊಳ್ಳುತ್ತಿದ್ದರು. ಮಧ್ಯಾಹ್ನವಾದರೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ತಾಯಿ ಅಮ್ಮೀಜಾನಳ ಹಳೆಯ ಸೀರೆಗಳನ್ನು ತೆಗೆದು ನಾನೇ ಒಂದು ಕೌದಿಗೆ ಕೂತೆ. ಹೊಲಿಗೆ ಕೋಳಿ ಕೆದರಿದ ಹಾಗಾಯಿತು. ಹೊಲಿಯುವಾಗ ಕತೆ ಬೇಕೆನಿಸುತ್ತಿತ್ತು. ಸೂಜಿ ಚುಚ್ಚಿಟ್ಟು ಪುಸ್ತಕ ತೆಗೆದರೆ ನನ್ನ ದನಿ ಖೋಲಿಯಲ್ಲಿ ನನಗೇ ವಿಚಿತ್ರವಾಗಿ ಕೇಳುತ್ತಿತ್ತು. ನಡುವೆ ತಡೆದು ಬೈಯುವವರಿಲ್ಲದೆ ಕಾದಂಬರಿಗಳು ಎಷ್ಟು ಬೇಗ ಮುಗಿಯುತ್ತಿದ್ದವು! ಅವಳಿಂದ ಒಂದು ಮಾತೂ ಬರಲಿಲ್ಲ. ಬರೆಯಲು ಬಾರದು ಎಂದು ಸಮಾಧಾನ ಮಾಡಿಕೊಂಡೆ.

ಎಂಟು ತಿಂಗಳ ಮೇಲೆ ಕಾರ್ಡು ಬಂತು. ಯಾರೋ ಹುಡುಗಿಯ ದುಂಡಗಿನ ಅಕ್ಷರ. "ನೀಲವ್ವನ ಪುಸ್ತಕ ತೆಗೆದುಕೊಂಡು ಬಾ. ಗದಿಗೆವ್ವ." ಕ್ಷೇಮ ಸಮಾಚಾರವಿಲ್ಲ. ರಾಣೆಬೆನ್ನೂರಿಗೆ ಹೋಗಿ ಬಳಗದಿಂದ ಪುಸ್ತಕ ಮತ್ತೆ ತಂದು, ಆದಿತ್ಯವಾರ ಹಾವೇರಿಯ ಬಸ್ಸು ಹತ್ತಿದೆ.

ಹಾಸ್ಟೆಲಿನ ಅಡುಗೆಮನೆಯ ಹಿಂದೆ ಗದಿಗೆವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮೈ ತುಂಬಿಕೊಂಡಿದ್ದಳು. "ಬಾ, ಕುಂಡ್ರು" ಎಂದಳು, ತಲೆ ಎತ್ತದೆ.

"ಒಂದ ಹುಡಿಗಿ ನೀಲವ್ವನ ಪುಸ್ತಕಾ ಓದಿತ್ತಂತ. ನಾ ಎಲ್ಲಾರ ಮುಂದ ಆಕೀ ಬಸ್ಸ ಹತ್ತಿದ್ದ ಹೇಳಿದೆ. ಇಲ್ರೀ ಅಡಗಿ ಆಂಟಿ, ಬಾವಿಗೆ ಬಿದ್ಲು ಅಂತು. ನಿನಗ ಓದಾಕ ಬರೂದಿಲ್ಲ ತಗೀ ಅಂತ ಜಗಳಾ ಮಾಡಿದೆ. ಎಲ್ಲಾ ಹುಡಿಗ್ಯಾರು ನಕ್ವು." ಕಲ್ಲೊಂದನ್ನು ಆರಿಸಿ ಎಸೆದಳು. "ಯಾರದ ಖರೇ?"

"ಹುಡಿಗಿದು."

ಅಕ್ಕಿಯಲ್ಲಿ ಬೆರಳು ನಿಂತಿತು.

"ನಿನಗಂತ ಮಾಡಿದೆ ಗದಿಗೆವ್ವಾ. ಆಕಿ ಮಾಡಿದ್ದ ಮಾಡತೇನಿ ಅಂದಿದ್ದಿಯಲ್ಲ ನೀನು. ನನಗ ಹೆದರಿಕಿ ಆತು. ಅದನ್ನ ಕೇಳಿ ನೀ ಬಿಟ್ಟ ಬಂದಿ, ಹೌದಿಲ್ಲೊ?"

"ಅದನ್ನ ಕೇಳೀ?" ಮೊದಲ ಸಲ ನನ್ನ ಮುಖ ನೋಡಿದಳು. "ಈ ಕೆಲಸದ ಮಾತ ಕುಪ್ಪೇಲೂರ ಸೋಮವ್ವ ಮೊದಲ ತಂದಿದ್ಲು. ಒಂದನೇ ತಾರೀಖಿಗೆ ಬಾ ಅಂದಿದ್ರಿಲ್ಲಿ. ಕತಿ ಮುಗೀಲಿ ಅಂತ ಹದಿನೈದ ದಿನಾ ತಡದ ಬಂದೆ ನಾನು. ಈ ಕೆಲಸಾ ಹೋಗತಿತ್ತು, ಗೊತ್ತೈತೇನ?"

ಕೈಯಲ್ಲಿದ್ದ ಪುಸ್ತಕವನ್ನು ನಾನು ಮಡಿಲಲ್ಲಿಟ್ಟೆ.

"ನನಗ್ಯಾಕ ಹೇಳಲಿಲ್ಲ?"

"ಮೈದುನಾ ಬಂದ ಕೇಳಿದ್ರ? ನಿನಗ ಸುಳ್ಳ ಹೇಳಾಕ ಬರೂದಿಲ್ಲ ಅಂತ ತಿಳದಿದ್ದೆ."

ಒಳಗೆ ಯಾರೋ ಹುಡುಗಿ ನೀರು ಕೇಳಿದಳು. ಗದಿಗೆವ್ವ ಎದ್ದು ಕೊಟ್ಟು ಬಂದು ಕೂತಳು.

"ಆ ಮನ್ಯಾಗ ಎಲ್ಲಾರೂ ನನ್ನ ಪರವಾಗಿ ತಾವ ಠರಾಯಿಸತಿದ್ರು. ಇದನ್ನ ಕೇಳಿದ್ರ ಗದಿಗೆವ್ವ ಸಾಯತಾಳ, ಇದನ್ನ ಕೇಳಿದ್ರ ಬದಕತಾಳ. ನೀನೂ ಹಂಗ ಮಾಡಿದಿ. ಓದು ಈಗ. ಅಲ್ಲಿ ಏನೈತಿ ಅಷ್ಟ ಓದು."

ಓದಿದೆ. ನೀಲವ್ವ ಎಮ್ಮೆಯನ್ನು ಗೂಟಕ್ಕೆ ಕಟ್ಟಿದ್ದು, ಚಪ್ಪಲಿ ಕಳೆದು ಕಟ್ಟೆಯ ಬದಿಗಿಟ್ಟದ್ದು, ನೀರು, ಕೊನೆಗೆ ಊರವರು ಕೂಡಿದ್ದು. ದನಿ ಎರಡು ಸಲ ಒಡೆಯಿತು. ಅವಳು ಅಳಲಿಲ್ಲ. ಅಕ್ಕಿ ಹಸನಾಗುತ್ತಲೇ ಇತ್ತು.

"ಎಮ್ಮಿ?" ಎಂದಳು, ಮುಗಿದ ಮೇಲೆ.

"ಏನು?"

"ಮುಂಜಾನೆ ಆ ಎಮ್ಮಿ ಯಾರ ಹಿಂಡಿದ್ರು?"

"ಬರದಿಲ್ಲ."

"ಬರೀಬೇಕಾಗಿತ್ತು." ಮೊರ ಎತ್ತಿಕೊಂಡು ಎದ್ದಳು. "ನಾ ಹ್ವಾದ ಮ್ಯಾಲ ನಮ್ಮ ಮನ್ಯಾಗ ಮೂರ ದಿನಾ ಯಾರೂ ಹಿಂಡಿಲ್ಲಂತ. ಕೆಚ್ಚಲಾ ಬಾತಿತ್ತಂತ. ಎಸರ ಇಡಬೇಕು ನಾನು."

ಬಾಗಿಲಲ್ಲಿ ನಿಂತು, ತಿರುಗದೆ ಹೇಳಿದಳು: "ಈಗ ಹುಡಿಗ್ಯಾರ ಓದಿ ಹೇಳತಾವ. ಸಂಜೀ ಮುಂದ. ನಿನಗ ಬರಬೇಕನಿಸಿದ್ರ ಬಾ. ಕುಂತ ಕೇಳು."

ಓದು ಎನ್ನಲಿಲ್ಲ.

ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಯ ಬದಿ ಜಾಗ ಸಿಕ್ಕಿತು. ಕೊನೆಯ ಅಧ್ಯಾಯವನ್ನು ಮತ್ತೆ ತೆಗೆದು ಸಾಲು ಸಾಲು ಹುಡುಕಿದೆ. ಗೂಟಕ್ಕೆ ಕಟ್ಟಿದ ಮೇಲೆ ಎಮ್ಮೆಯ ಮಾತು ಎಲ್ಲಿಯೂ ಇರಲಿಲ್ಲ. ಪಕ್ಕದ ಸೀಟು ಮೋಟೆಬೆನ್ನೂರಿನ ತನಕ ಖಾಲಿಯೇ ಇತ್ತು, ಅಲ್ಲಿಂದ ಮುಂದೆಯೂ.